ಕೇಳಿಸಿಕೊಂಡವರು ಉಣಿಸಬೇಕು

ನಮ್ಮೂರಿನಲ್ಲಿ ಹಸಿದ ಹೊಟ್ಟೆಯ ಸದ್ದು ಆಚೀಚೆ ಮನೆಗಳಿಗೆ ಕೇಳಿಸುತ್ತದೆ. ಗಾಳಿ ಅನುಕೂಲವಾಗಿದ್ದರೆ ಬೀದಿಯ ತುದಿಯವರೆಗೂ ಹೋಗುತ್ತದೆ. ಒಬ್ಬೊಬ್ಬರ ಹೊಟ್ಟೆಗೆ ಒಂದೊಂದು ದನಿ. ನನ್ನದು ಎಣ್ಣೆ ಕಾಣದ ಗಾಡಿಚಕ್ರದಂತೆ ಕಿರುಗುಟ್ಟುತ್ತದೆ. ಅಂಚೆಯ ಚನ್ನವೀರನದು ಹಂಡೆಯಲ್ಲಿ ನೀರು ಕುದಿಯುವ ಹಾಗೆ, ಅವನು ಬೀದಿಯ ಮೂಲೆ ತಿರುಗುವ ಮೊದಲೇ ಕಾಗದ ಬಂತೆಂದು ನಮಗೆ ತಿಳಿಯುತ್ತಿತ್ತು. ಹುಟ್ಟಿದ ಕೂಸಿನ ಹೊಟ್ಟೆಯ ದನಿ ಅಪ್ಪನ ಕಡೆಯದೋ ಅಮ್ಮನ ಕಡೆಯದೋ ಎಂದು ಬೀಗರಲ್ಲಿ ಸಣ್ಣ ಜಗಳಗಳೂ ಆಗುತ್ತವೆ.

ಇದಕ್ಕೆ ತಕ್ಕ ಹಾಗೆ ಒಂದು ಕಟ್ಟಳೆಯೂ ಇದೆ. ಕೇಳಿಸಿಕೊಂಡವರು ಉಣಿಸಬೇಕು. ಯಾರು ಮಾಡಿದ್ದು, ಯಾವ ಕಾಲದಲ್ಲಿ ಎಂದು ಕೇಳಿದರೆ ಹಿರಿಯರು ಸಿಟ್ಟಾಗುತ್ತಾರೆ. ಗದ್ದೆಯ ಬದುವಿಗಾಗಿ ಕೈಕೈ ಮಿಲಾಯಿಸುತ್ತಿದ್ದ ಅಣ್ಣತಮ್ಮಂದಿರಲ್ಲಿ ಒಬ್ಬನ ಹೊಟ್ಟೆ ಕೂಗಿತೆನ್ನಿ, ಇನ್ನೊಬ್ಬ ಬೈಗುಳವನ್ನು ಅರ್ಧಕ್ಕೆ ನಿಲ್ಲಿಸಿ, "ನಡಿ, ಮೊದ್ಲು ಉಣ್ಣು, ಆಮೇಲೆ ಐತೆ ನಿನಗೆ" ಎಂದು ಮನೆಗೆ ಕರೆದೊಯ್ಯಬೇಕು. ಒಮ್ಮೆ ಎಲೆ ಹಾಕಿ ಬಡಿಸಿದ ಮೇಲೆ ಅನ್ನ ಉಣ್ಣುವವನದು, ಬಡಿಸಿದವನಿಗೆ ಅದರ ಮೇಲೆ ಹಕ್ಕಿಲ್ಲ. ಕಳ್ಳತನ ಕೂಡ ನಮ್ಮೂರಲ್ಲಿ ಹೊಟ್ಟೆ ತುಂಬಿದವರ ಕಸುಬು, ಹಸಿದು ಕನ್ನ ಹಾಕಿದವನನ್ನು ಮನೆಯವರೇ ಎದ್ದು ಊಟಕ್ಕೆ ಕೂರಿಸಿಬಿಡುತ್ತಾರೆ. ಏಕಾದಶಿಯ ಉಪವಾಸದವರು ಮಾತ್ರ ದಿನವಿಡೀ ಹಿಟ್ಟಿನ ಗಿರಣಿಯ ಜಗಲಿಯ ಮೇಲೆ ಕೂರುತ್ತಿದ್ದರು. ಗಿರಣಿಯ ಸದ್ದಿನಲ್ಲಿ ವ್ರತಕ್ಕೆ ಭಂಗವಿಲ್ಲ.

ನಾನು ಹೇಳಬೇಕೆಂದಿರುವುದು ಉಗ್ರಪ್ಪನ ವಿಷಯ. ಹೆಸರು ಉಗ್ರಪ್ಪ, ಮನುಷ್ಯ ಬೆಣ್ಣೆ. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಊರಿನ ಬೀಗದ ಕಾರ್ಖಾನೆಯಲ್ಲಿ ತಯಾರಾದ ಬೀಗಕ್ಕೆ ಕೀಲಿ ತಿರುಗಿಸಿ, ಜಗ್ಗಿ ನೋಡಿ, ಸರಿಯೆನಿಸಿದರೆ ಮುಂದಕ್ಕೆ ತಳ್ಳುವುದು ಅವನ ಕೆಲಸ. ಅವನು ತಳ್ಳಿದ್ದನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವುದು ನನ್ನ ಕೆಲಸ. ಅವನ ಹೊಟ್ಟೆಯ ದನಿಯನ್ನು ಊರಿನಲ್ಲಿ ಒಬ್ಬರೂ ಕೇಳಿರಲಿಲ್ಲ. ಹೆಂಡತಿ ಹಾಲಮ್ಮನೂ ಕೇಳಿರಲಿಲ್ಲ. ಅವನಪ್ಪನದೂ ಕೇಳಿಸಿರಲಿಲ್ಲವಂತೆ. ಇದು ಅವನ ಏಕೈಕ ಜಂಬ. ಬೇರೆ ಜಂಬಗಳಿಗೆ ಅವನಲ್ಲಿ ಬಂಡವಾಳವೂ ಇರಲಿಲ್ಲ ಬಿಡಿ.

ಬೇರೆಯವರ ಹೊಟ್ಟೆ ಎಂದರೆ ಮಾತ್ರ ಅವನಿಗೆ ಮೈಯೆಲ್ಲ ಕಿವಿ. ರಜೆಯ ದಿನ ಊಟದ ಹೊತ್ತಿಗೆ ಜಗಲಿಯ ಮೇಲೆ ಕೂತು ದಾರಿಹೋಕರನ್ನು ಆಲಿಸುತ್ತಿದ್ದ. ಸ್ವಲ್ಪ ಗುರುಗುಟ್ಟಿದರೂ ಸಾಕು, "ಕೇಳಿಸ್ತು, ಕೇಳಿಸ್ತು, ಬಾರಪ್ಪ ಒಳಗೆ" ಎಂದು ಕೈ ಹಿಡಿದು ಎಳೆಯುವನು. ಒಮ್ಮೆ ಬೀಡಿ ಕೆಮ್ಮಿನ ಮುದುಕನೊಬ್ಬನನ್ನು ಹಾಗೇ ಎಳೆತಂದು ಕೂರಿಸಿದ್ದ. ಮುದುಕ ಅದು ಹೊಟ್ಟೆಯಲ್ಲ, ಎದೆ ಎಂದು ಎಷ್ಟು ಹೇಳಿದರೂ ಬಿಡದೆ ಉಣಿಸಿ ಕಳಿಸಿದ.

ಹಾಲಮ್ಮನ ದಾರಿ ಬೇರೆ. ಅವಳ ಹೊಟ್ಟೆ ಕೂಗಿದರೆ ಇಡೀ ಕೇರಿ ತಿರುಗಿ ನೋಡುತ್ತಿತ್ತು, ಅವಳಿಗೆ ಎಳ್ಳಷ್ಟೂ ನಾಚಿಕೆಯಿಲ್ಲ. "ಕೂಗ್ಲಿ ಅಂತಾನೇ ದೇವ್ರು ಅದಕ್ಕೆ ದನಿ ಇಟ್ಟವ್ನೆ. ಮುಚ್ಚಿಟ್ಕಳಾಕೆ ಅದೇನು ಒಡವೆನಾ?" ಎನ್ನುತ್ತಿದ್ದಳು.

ಆ ವರ್ಷ ದೇಶದಲ್ಲೆಲ್ಲ ವ್ಯಾಪಾರ ಬಿದ್ದುಹೋಯಿತು. ಯಾಕೆ ಬಿತ್ತೆಂದು ಪೇಪರಿನವರು ದಿನಕ್ಕೊಂದು ಕಾರಣ ಬರೆದರು. ನಮಗೆ ಅರ್ಥವಾದದ್ದು ಒಂದೇ. ಒಳಗಿಡಲು ಏನೂ ಇಲ್ಲದವನು ಬಾಗಿಲಿಗೆ ಬೀಗ ಕೊಳ್ಳುವುದಿಲ್ಲ. ಪೆಟ್ಟಿಗೆಗಳು ಗೋದಾಮಿನಲ್ಲಿ ಸೂರು ಮುಟ್ಟಿದವು, ಆಮೇಲೆ ಒಂದು ಸೋಮವಾರ ಕಾರ್ಖಾನೆಯ ಬಾಗಿಲಿಗೇ ಬೀಗ ಬಿದ್ದಿತ್ತು. ನಾವೆಲ್ಲ ಕೈಯಲ್ಲಿ ಬುತ್ತಿ ಹಿಡಿದು ಮಂಕಾಗಿ ನಿಂತಿದ್ದರೆ ಉಗ್ರಪ್ಪ ಮುಂದೆ ಹೋಗಿ ಬೀಗವನ್ನು ಹಿಡಿದು ಜಗ್ಗಿ ನೋಡಿದ. "ಚೆನ್ನಾಗಿ ಕೂತೈತೆ" ಎಂದ. ಅಭ್ಯಾಸಬಲ. ಯಾರೂ ನಗಲಿಲ್ಲ.

ಮೊದಮೊದಲು ಕಟ್ಟಳೆ ನಡೆಯಿತು. ನಿಮ್ಮ ಮನೆಯಲ್ಲಿ ನಾನು, ನಮ್ಮ ಮನೆಯಲ್ಲಿ ನೀವು. ಆದರೆ ಒಂದು ಬೀದಿಗೆ ಬೀದಿಯೇ ಕೂಗತೊಡಗಿದರೆ ಯಾರು ಯಾರನ್ನು ಕರೆಯುವುದು? ಮನೆಯಲ್ಲಿ ನಾಲ್ಕು ಕಾಳು ಉಳಿದವರು ಕಿಟಕಿ ಮುಚ್ಚಿದರು. ಅಕ್ಕಿ ಗಿರಣಿಯ ಕೊಟ್ರಯ್ಯ ಸಾಹುಕಾರರು ಎಲ್ಲರಿಗಿಂತ ಮೊದಲು ಕಿವಿಗೆ ಹತ್ತಿ ಇಟ್ಟುಕೊಂಡರು. ಕೇಳಿಸಿದರೆ ತಾನೆ ಉಣಿಸಬೇಕು? ಅವರನ್ನು ಮಾತಾಡಿಸಿದರೆ ಕೈಸನ್ನೆಯಲ್ಲೇ ಉತ್ತರ. ಬಡ್ಡಿಯ ಮಾತು ಬಂದಾಗ ಮಾತ್ರ ಒಂದು ಕಿವಿಯ ಹತ್ತಿ ತೆಗೆಯುತ್ತಿದ್ದರು.

ಉಗ್ರಪ್ಪನ ಪಾಡು ಹೇಳತೀರದು. ಮೂರು ಹೊತ್ತಿನ ಊಟ ಒಂದು ಹೊತ್ತಿಗೆ ಇಳಿಯಿತು. ಹೊಟ್ಟೆ ಈಗಲೋ ಆಗಲೋ ಬಾಯಿ ಬಿಡುವಂತಿತ್ತು. ಹೊಟ್ಟೆಗೆ ತಣ್ಣೀರು ಬಟ್ಟೆ ಎಂದು ನಾವು ಬಾಯಿಮಾತಿಗೆ ಹೇಳುತ್ತೇವೆ, ಅವನು ನಿಜವಾಗಿಯೂ ಪಂಚೆಯನ್ನು ನೆನೆಸಿ ಮಡಿಸಿ ಹೊಟ್ಟೆಗೆ ಬಿಗಿದುಕೊಂಡ. ಅದರ ಮೇಲೆ ಅಂಗಿ, ಅಂಗಿಯ ಮೇಲೆ ಕಂಬಳಿ. ಸೆಖೆಯಲ್ಲಿ ಕಂಬಳಿ ಹೊದ್ದು ತಿರುಗುವವನನ್ನು ಯಾರಾದರೂ ಕೇಳಿದರೆ "ಸಣ್ಣ ಚಳಿಜ್ವರ" ಎನ್ನುತ್ತಿದ್ದ. ಗಂಡ ದಿನದಿನಕ್ಕೆ ಬಡವಾಗುವುದನ್ನು ನೋಡಿ ಹಾಲಮ್ಮ ಗೋಡೆಯ ಆಚೆಯಿಂದ ನನ್ನ ಬಳಿ ಗೋಳಾಡುತ್ತಿದ್ದಳು.

"ಹೊಟ್ಟೆ ಕೂಗದಿದ್ರೆ ಯಾರೂ ಕರೆಯಂಗಿಲ್ಲ. ಕರೆಯದಿದ್ರೆ ಈ ವಯ್ಯ ಹೋಗಂಗಿಲ್ಲ. ಹಿಂಗೇ ಆದ್ರೆ ಒಂದಿನ ಸದ್ದಿಲ್ದಂಗೆ ಹೋಗ್ಬಿಡ್ತದೆ ನೋಡು ಕೆಂಚಣ್ಣ" ಎಂದಳು. ಅವಳು ತಮಾಷೆಗೆ ಹೇಳಿರಲಿಲ್ಲ. ನಾನು ಒಳಗೆ ಹೋಗಿ, "ಉಗ್ರಪ್ಪಣ್ಣ, ಒಂದು ತುತ್ತು ನಮ್ಮಲ್ಲೇ" ಎಂದರೆ ಅವನು ಕಂಬಳಿ ಸರಿಮಾಡಿಕೊಂಡು, "ಯಾಕಪ್ಪ, ಏನಾದ್ರೂ ಕೇಳಿಸ್ತಾ?" ಎಂದು ಕೇಳುವನು. ಕೇಳಿಸಲಿಲ್ಲ ಎಂದು ನಾನು ಒಪ್ಪಿಕೊಳ್ಳಲೇಬೇಕು. "ಮತ್ಯಾಕೆ?" ಎಂದುಬಿಡುವನು. ಅಲ್ಲಿಗೆ ಮಾತು ಮುಗಿಯಿತು.

ಇಷ್ಟು ಹೊತ್ತಿಗೆ ಸದ್ದು ರಾಜಧಾನಿಯವರೆಗೂ ಹೋಗಿತ್ತು. ಹೊಟ್ಟೆಯ ಸದ್ದಲ್ಲ, ಸದ್ದಿನ ಸುದ್ದಿ. ಸರಕಾರ ಮೊದಲು ಪೇಪರಿನಲ್ಲಿ ಒಂದು ಹೇಳಿಕೆ ಕೊಟ್ಟಿತು: ಆ ಭಾಗದಲ್ಲಿ ಕೇಳಿಬರುತ್ತಿರುವುದು ಗುಡುಗು, ಈ ಸಲ ಮಳೆ ಚೆನ್ನಾಗಿದೆ, ಪ್ರಜೆಗಳು ಸಂತೋಷಪಡಬಹುದು. ಆಗ ಸುಡು ಬೇಸಿಗೆ. ಕೊಡೆ ಹಿಡಿದು ಹೊರಗೆ ಹೊರಟವರು ನಮ್ಮಲ್ಲಿ ಒಬ್ಬರೂ ಇಲ್ಲ. ಆಮೇಲೆ ತಜ್ಞರು ಕೂತು ಚರ್ಚಿಸಿ, ಇದು ಗುಡುಗಲ್ಲ, ಅಜೀರ್ಣ, ಜನ ತಿಂದದ್ದು ಹೆಚ್ಚಾಗಿದೆ ಎಂದರು. ಒಂದು ಲಾರಿ ತುಂಬ ಜೀರ್ಣದ ಚೂರ್ಣ ಬಂತು. ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಕಾಲವೇ ಅದು? ಊರಿಗೆ ಊರೇ ನೆಕ್ಕಿತು. ಶುಂಠಿ, ಓಮ, ಹಿಪ್ಪಲಿ ಹಾಕಿದ ಅಪ್ಪಟ ಚೂರ್ಣ. ಇದ್ದ ಹಸಿವು ಇಮ್ಮಡಿಯಾಗಿ, ಮರುದಿನ ಬೆಳಗ್ಗೆ ನಮ್ಮೂರಿನ ಸದ್ದಿಗೆ ಮೂರು ಮೈಲಿ ದೂರದ ಎತ್ತುಗಳು ನೊಗ ಕಿತ್ತುಕೊಂಡು ಓಡಿದವು.

ಆಗ ಬಂದರು ಶ್ರೀಪಾದರಾಯರು. ಸರಕಾರ ಈ ವಿಷಯಕ್ಕೆಂದೇ ಶಬ್ದ ಇಲಾಖೆ ಎಂಬ ಹೊಸ ಇಲಾಖೆ ತೆರೆದು, ಇವರನ್ನು ಅಧಿಕಾರಿಯಾಗಿ ಮಾಡಿ ಕಳಿಸಿತ್ತು. ತೆಳ್ಳನೆಯ ಮನುಷ್ಯ, ತಲೆಗೆ ಟೋಪಿ, ಕೈಯಲ್ಲಿ ಕಿವಿಗಿಟ್ಟುಕೊಂಡು ಆಲಿಸುವ ಹಿತ್ತಾಳೆಯ ತುತ್ತೂರಿ. ನಮ್ಮೂರಿನಲ್ಲಿ ಅದನ್ನು ಕಿವಿಗಿಟ್ಟುಕೊಳ್ಳುವುದು ಹೊಳೆಯಲ್ಲಿ ನಿಂತು ನೀರು ಚಿಮುಕಿಸಿಕೊಂಡ ಹಾಗೆ. ಒಂದೇ ಸಲ ಇಟ್ಟುಕೊಂಡು, ಚೀರಿ, ಪೆಟ್ಟಿಗೆಗೆ ಸೇರಿಸಿದರು. ಕೆಟ್ಟ ಮನುಷ್ಯನಲ್ಲ. ಮೊದಲ ವಾರ ಕೊಟ್ರಯ್ಯನವರ ಸಲಹೆಯಂತೆ ಮನೆಮನೆಗೂ ಕಿವಿಗಿಡುವ ಹತ್ತಿ ಹಂಚಿದರು. ನಮ್ಮ ಹೆಂಗಸರು ಅದರಲ್ಲಿ ದೀಪಕ್ಕೆ ಬತ್ತಿ ಹೊಸೆದುಕೊಂಡರು. ಉಗ್ರಪ್ಪ ಮಾತ್ರ ತನ್ನ ಪಾಲಿನ ಹತ್ತಿಯನ್ನು ತಣ್ಣೀರು ಬಟ್ಟೆಯ ಒಳಗೆ ತುರುಕಿಕೊಂಡ.

ಹತ್ತಿ ಕೆಲಸಕ್ಕೆ ಬರಲಿಲ್ಲವೆಂದು ರಾಯರು ತಲೆಯ ಮೇಲೆ ಕೈಹೊತ್ತು ತಿರುಗುತ್ತಿದ್ದಾಗ ಏಕಾದಶಿ ಬಂತು. ಹಿಟ್ಟಿನ ಗಿರಣಿಯ ಜಗಲಿಯಲ್ಲಿ ಉಪವಾಸದವರು ನೆಮ್ಮದಿಯಾಗಿ ಕೂತಿದ್ದನ್ನು ಕಂಡರು. ಆ ಕ್ಷಣವೇ ಅವರಿಗೆ ಉಪಾಯ ಹೊಳೆಯಿತು. ಸಂಜೆ ಶಾಲೆಯ ಬಯಲಿನಲ್ಲಿ ಜನರನ್ನು ಸೇರಿಸಿ, ಊಟದ ಹೊತ್ತಿನಲ್ಲಿ ಊರ ತುಂಬ ಬ್ಯಾಂಡು ಬಾರಿಸಲು ಸರಕಾರ ಮಂಜೂರಾತಿ ಕೊಡುತ್ತದೆ, ಹೊಟ್ಟೆಗಳ ಸದ್ದು ಅದರಲ್ಲಿ ಮುಳುಗಿಹೋಗುತ್ತದೆ ಎಂದರು.

ಹಾಲಮ್ಮ ಎದ್ದು ನಿಂತಳು. "ಸ್ವಾಮಿ, ಬ್ಯಾಂಡ್ ಬಾರಿಸೋ ದುಡ್ಡಿನಾಗೆ ರಾಗಿ ಕೊಟ್ರೆ ಹೊಟ್ಟೆ ಸುಮ್ನಾಗಂಗಿಲ್ವಾ?"

ರಾಯರು ಕೈಮುಗಿದರು. "ಆಗುತ್ತೆ ತಾಯಿ. ಆದ್ರೆ ರಾಗಿ ಆಹಾರ ಇಲಾಖೆಗೆ ಸೇರಿದ್ದು. ನಾನು ಶಬ್ದ ಇಲಾಖೆ. ನಾನು ರಾಗಿ ಕೊಟ್ರೆ ಅವರು ನನ್ನ ಮೇಲೆ ದೂರು ಬರೀತಾರೆ."

"ಅವ್ರನ್ನೂ ಕರ್ಕಂಡು ಬರಬಾರ್ದಾಗಿತ್ತಾ?"

"ಅವರು ನಿಮ್ಮೂರಲ್ಲಿರೋದು ಅಜೀರ್ಣ ಅಂತ ಆಗಲೇ ಬರೆದುಬಿಟ್ಟಿದಾರೆ, ತಾಯಿ. ಅದನ್ನ ತಿದ್ದೋಕೆ ಅವರಿಗಾಗೋದಿಲ್ಲ."

ರಾಜಧಾನಿಯ ಬ್ಯಾಂಡಿನವರು ನಮ್ಮೂರಿನ ಹೆಸರು ಕೇಳಿಯೇ ಬರುವುದಿಲ್ಲ ಎಂದರಂತೆ. ಹೀಗಾಗಿ ಬಾರಿಸುವವರನ್ನು ಊರಿನಲ್ಲೇ ಹುಡುಕಬೇಕಾಯಿತು. ಸಂಗೀತ ಬರಬೇಕೆಂಬ ನಿಯಮವಿರಲಿಲ್ಲ, ಸದ್ದು ಬಂದರೆ ಸಾಕು. ವಾರಕ್ಕೊಮ್ಮೆ ಸಂಬಳ. ಬಯಲಿನಲ್ಲಿ ವಾದ್ಯಗಳನ್ನು ಸಾಲಾಗಿ ಇಟ್ಟಿದ್ದರು. ಜನ ಕ್ಲಾರಿಯೊನೆಟ್ಟಿಗೂ ಕಹಳೆಗೂ ನೂಕಾಡಿದರು, ಊದಲು ಉಸಿರು ಬೇಕೆಂಬುದು ಹಸಿದವರಿಗೆ ಆಮೇಲೆ ಹೊಳೆಯಿತು. ನಾನು ಜಾಣತನದಿಂದ ತಾಳ ತೆಗೆದುಕೊಂಡೆ. ಉಗ್ರಪ್ಪ ಎಲ್ಲರಿಗಿಂತ ಹಿಂದೆ ನಿಂತು ನೋಡಿ, ನೋಡಿ, ಎಲ್ಲಕ್ಕಿಂತ ದೊಡ್ಡ ಡೋಲಿನ ಬಳಿಗೆ ಹೋದ. ಅದರ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡ. ಡೋಲು ನೇರವಾಗಿ ಹೊಟ್ಟೆಯ ಮೇಲೆ ಬಂದು ಕೂತಿತು. ಒಂದು ಪೆಟ್ಟು ಹೊಡೆದು ನೋಡಿದ. ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ನಿಶ್ಚಿಂತೆ ಮೂಡಿತು. ಕಂಬಳಿ ತೆಗೆದು ಹಾಲಮ್ಮನ ಕೈಗೆ ಕೊಟ್ಟ. ಯಾಕೆ ಅದನ್ನೇ ಆರಿಸಿದ ಎಂದು ಅವಳಿಗೂ ನನಗೂ ಗೊತ್ತಾಯಿತು.

ನಮಗೆ ಬರುತ್ತಿದ್ದದ್ದು ಒಂದೇ ಮಟ್ಟು, ಮದುವೆಯಲ್ಲಿ ದಿಬ್ಬಣ ಬರುವಾಗ ಬಾರಿಸುವುದು. ಅದೂ ಅರ್ಧ. ಕಾರ್ಖಾನೆಯಲ್ಲಿ ಸುತ್ತಿಗೆ ಬಡಿದ ಕೈಗಳಾದ್ದರಿಂದ ಲಯಕ್ಕೆ ಮಾತ್ರ ಕೊರತೆಯಿರಲಿಲ್ಲ. ದಿನಾ ಮಧ್ಯಾಹ್ನ ಮತ್ತು ಸಂಜೆ ವಧುವೂ ಇಲ್ಲದ ವರನೂ ಇಲ್ಲದ ದಿಬ್ಬಣ ಬೀದಿಬೀದಿ ಸುತ್ತಿತು. ಸರಕಾರ ಬಯಸಿದ ಹಾಗೆ ಯಾರ ಹೊಟ್ಟೆಯೂ ಯಾರಿಗೂ ಕೇಳಿಸಲಿಲ್ಲ.

ಇಲ್ಲೊಂದು ಎಡವಟ್ಟಾಯಿತು. ಕೇಳಿಸದ ಮೇಲೆ ಉಣಿಸುವವರೂ ಇಲ್ಲ. ಬ್ಯಾಂಡಿಗೆ ಸೇರದವರ ಹಸಿವು ಬೆಳೆದು ಬ್ಯಾಂಡಿನ ಮೇಲೂ ಏರಿ ಕೇಳತೊಡಗಿತು. ರಾಯರು ಬೆವರೊರೆಸಿಕೊಂಡು ರಾಜಧಾನಿಗೆ ತಂತಿ ಕೊಟ್ಟರು, ಇನ್ನಷ್ಟು ವಾದ್ಯ ಬೇಕು, ಇನ್ನಷ್ಟು ಜನ ಬೇಕು. ಬಂದವು. ಹೆಚ್ಚು ಕೂಗುವ ಹೊಟ್ಟೆಯವರನ್ನೇ ಮೊದಲು ಸೇರಿಸಿಕೊಂಡರು, ಸದ್ದಿನ ಮೂಲವೂ ಕಡಿಮೆಯಾಗಲಿ ಎಂದು. ಹಾಲಮ್ಮ ಬಯಲಿನಲ್ಲಿ ನಿಂತು ತನ್ನ ಹೊಟ್ಟೆಯನ್ನು ಒಮ್ಮೆ ಕೇಳಿಸಿದಳು ಅಷ್ಟೆ, ರಾಯರು ಮರುಮಾತಿಲ್ಲದೆ ಜಾಗಟೆ ಕೊಟ್ಟರು. ಹೀಗೆ ಸೇರಿಸುತ್ತಾ ಸೇರಿಸುತ್ತಾ, ಮಾವಿನ ಹೂವಿನ ಕಾಲಕ್ಕೆ ಇಡೀ ಊರು ಬ್ಯಾಂಡಿನಲ್ಲಿತ್ತು. ದಿಬ್ಬಣ ನೋಡಲು ಜಗಲಿಯ ಮೇಲೆ ಉಳಿದವರು ಕೊಟ್ರಯ್ಯನವರು ಮತ್ತು ಎರಡು ನಾಯಿ.

ಸಂಬಳ ಬಂದ ಕಡೆ ಒಲೆ ಹತ್ತಿತು. ಒಲೆ ಹತ್ತಿದ ಕಡೆ ಅಂಗಡಿ ತೆರೆಯಿತು. ಕೊಟ್ರಯ್ಯನವರ ಗಿರಣಿಗೆ ಭತ್ತ ಬಂತು, ಆದರೂ ಅವರು ಬ್ಯಾಂಡಿನ ಕಾಟಕ್ಕೆ ತಲೆನೋವೆಂದು ದೂರು ಕೊಡುತ್ತಲೇ ಇದ್ದರು. ಮನೆಗಳಲ್ಲಿ ಒಂದು ಚೀಲ ಧಾನ್ಯ, ಒಂದು ಹೊಸ ಸೀರೆ ಎಂದು ಏನಾದರೂ ಬಂದು ಕೂತ ಮೇಲೆ ಬೀಗ ಕೊಳ್ಳುವವರೂ ಹುಟ್ಟಿಕೊಂಡರು. ಕಾರ್ಖಾನೆಯ ಬಾಗಿಲು ಅರ್ಧ ತೆರೆಯಿತು. ಮೇಸ್ತ್ರಿ ಬಂದು ಉಗ್ರಪ್ಪನಿಗೆ, "ಬರೋ ತಿಂಗಳಿಂದ ಬಂದ್ಬಿಡು" ಎಂದು ಹೇಳಿಹೋದ. ಉಗ್ರಪ್ಪ ಡೋಲು ಬಾರಿಸುತ್ತಲೇ ತಲೆಯಾಡಿಸಿದ. ಅವನ ಕೆನ್ನೆ ತುಂಬಿಕೊಂಡಿತ್ತು. ಮತ್ತೆ ಜಗಲಿಯ ಮೇಲೆ ಕೂತು ದಾರಿಹೋಕರ ಹೊಟ್ಟೆ ಆಲಿಸತೊಡಗಿದ್ದ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ನಮ್ಮೂರಿನಲ್ಲಿ ವಧೂವರರಿಲ್ಲದ ದಿಬ್ಬಣ ಹೊರಟು ಹುಚ್ಚು ಬಿಟ್ಟುಹೋಗಿತ್ತು.

ಇಷ್ಟಾದ ಮೇಲೆ ರಾಜಧಾನಿಯಿಂದ ದೊಡ್ಡ ಸಾಹೇಬರು ತನಿಖೆಗೆ ಬಂದರು. ಶ್ರೀಪಾದರಾಯರಿಗೆ ಅಂದು ಮಗಳ ಮದುವೆಯಷ್ಟೇ ಸಂಭ್ರಮ. ಇಡೀ ಊರಿಗೆ ಎಣ್ಣೆ ಹಚ್ಚಿಸಿ, ತಲೆ ಬಾಚಿಸಿ, ಸಾಲಾಗಿ ನಿಲ್ಲಿಸಿ, ದಿಬ್ಬಣದ ಮಟ್ಟು ಬಾರಿಸಿದರು. ಅಷ್ಟು ಹೊತ್ತಿಗೆ ನಮಗೆ ಉಳಿದರ್ಧವೂ ಬರುತ್ತಿತ್ತು. ದೊಡ್ಡ ಸಾಹೇಬರು ಕೈ ಎತ್ತಿ ನಿಲ್ಲಿಸಿದರು. ಎಲ್ಲ ವಾದ್ಯಗಳೂ ನಿಂತವು. ಎಲ್ಲೋ ಒಂದು ಕಾಗೆ ಕೂಗಿತು, ಅಷ್ಟೆ.

"ಎಲ್ಲಿದೆ ಹಸಿವು?" ಎಂದು ದೊಡ್ಡ ಸಾಹೇಬರು ಕೇಳಿದರು.

"ಇಲ್ಲ ಸಾರ್. ಬ್ಯಾಂಡಿನಿಂದ ಹೋಯ್ತು" ಎಂದರು ರಾಯರು, ಹೆಮ್ಮೆಯಿಂದ.

"ಇಲ್ಲದ ಹಸಿವಿಗೆ ಬ್ಯಾಂಡ್ ಯಾಕ್ರೀ?"

ರಾಯರು ಏನಾದರೂ ಹೇಳುವಷ್ಟರಲ್ಲಿ ದೊಡ್ಡ ಸಾಹೇಬರ ಜೀಪು ಹೊರಟಾಗಿತ್ತು. ಮರುವಾರದ ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬಂತು, ಹಸಿವು ನಿವಾರಣೆ, ಬೊಕ್ಕಸಕ್ಕೆ ಉಳಿತಾಯ. ಬ್ಯಾಂಡನ್ನು ವಿಸರ್ಜಿಸಿದ್ದರು. ಹಸಿವಿನ ಸದ್ದೇ ಇಲ್ಲದ ಮೇಲೆ ಶಬ್ದ ಇಲಾಖೆ ಯಾಕೆಂದು ಅದನ್ನೂ ಮುಚ್ಚಿದ್ದರು. ಆ ಸುದ್ದಿಯನ್ನು ರಾಯರು ನಮ್ಮ ಜೊತೆಗೇ ನಿಂತು, ಸಲೂನಿನ ಪೇಪರಿನಲ್ಲಿ ಓದಿಕೊಂಡರು.

ಸಂಬಳ ನಿಂತಿತು, ಅಂಗಡಿ ಮುಚ್ಚಿತು, ಕಾರ್ಖಾನೆಯ ಅರ್ಧ ತೆರೆದ ಬಾಗಿಲಿಗೆ ಮತ್ತೆ ಬೀಗ ಬಿತ್ತು. ಮಳೆಗಾಲ ಶುರುವಾಗುವಾಗ ಚನ್ನವೀರನ ಹೊಟ್ಟೆ ಮತ್ತೆ ಬೀದಿಯ ಮೂಲೆಯಲ್ಲಿ ಕುದಿಯತೊಡಗಿತು. ಹಿಂದೆಯೇ ನನ್ನ ಗಾಡಿಚಕ್ರ. ವಾದ್ಯಗಳು ಮಾತ್ರ ಸರಕಾರದ ಸೊತ್ತು, ಒಂದೂ ತಪ್ಪದೆ ವಾಪಸು ಕಳಿಸಬೇಕು, ಆಮೇಲೆಯೇ ರಾಯರಿಗೆ ತಮ್ಮೂರಿಗೆ ಮರಳಲು ಅಪ್ಪಣೆ. ಅವರು ಇಳಿದುಕೊಂಡಿದ್ದ ಪ್ರವಾಸಿ ಬಂಗಲೆಯ ಅಡುಗೆಯವನು ಕೈಕೊಟ್ಟು ಹೋಗಿದ್ದ. ರಾಯರು ಟೋಪಿ ಹಾಕಿಕೊಂಡು ಮನೆಮನೆಗೆ ಹೋಗುವುದು, ನಾನು ತಳ್ಳುಗಾಡಿ ತಳ್ಳಿಕೊಂಡು ಹಿಂದೆ ಹೋಗುವುದು. ಎಲ್ಲರೂ ಕೊಟ್ಟರು. ಕೊಡದೆ ಉಳಿದವನು ಉಗ್ರಪ್ಪ.

"ನಾಳೆ ಬನ್ನಿ ಸಾಹೇಬ್ರೆ" ಎನ್ನುವನು. ನಾಳೆ ಹೋದರೆ ಮತ್ತೊಂದು ನಾಳೆ. ಡೋಲನ್ನು ಅವನು ಕೊರಳಿನಿಂದ ಇಳಿಸುತ್ತಿರಲಿಲ್ಲ. ಅದನ್ನು ಹೊತ್ತುಕೊಂಡೇ ಹಿತ್ತಿಲಿಗೆ, ಅದನ್ನು ಹೊತ್ತುಕೊಂಡೇ ಜಗಲಿಗೆ. ಗೋಡೆಯ ಈಚೆಗೆ ನನಗೆ ಆಗಾಗ ಡಬ್ ಎಂದು ಒಂದು ಪೆಟ್ಟು ಕೇಳುವುದು, ಸ್ವಲ್ಪ ಹೊತ್ತಿಗೆ ಇನ್ನೊಂದು. ದಿನ ಕಳೆದಂತೆ ಪೆಟ್ಟುಗಳು ಹತ್ತಿರ ಹತ್ತಿರವಾದವು. ಒಳಗೆ ಏನೋ ಏಳುವಾಗೆಲ್ಲ ಮೇಲಿನಿಂದ ಬಡಿಯುತ್ತಿದ್ದಾನೆಂದು ನನಗೆ ಗೊತ್ತು. ಆದರೆ ಡೋಲು ಕೇಳಿಸಿದವರು ಉಣಿಸಬೇಕೆಂಬ ಕಟ್ಟಳೆ ಇಲ್ಲವಲ್ಲ. ನಾನು ಕರೆದರೆ ಅವನು ಮತ್ತೆ ಅದನ್ನೇ ಕೇಳುತ್ತಿದ್ದ, "ಯಾಕಪ್ಪ, ಏನಾದ್ರೂ ಕೇಳಿಸ್ತಾ?"

ಕೊನೆಗೊಂದು ಮಧ್ಯಾಹ್ನ ರಾಯರು ಗಟ್ಟಿ ಮನಸ್ಸು ಮಾಡಿ ಅವನ ಮನೆಯೊಳಗೆ ಬಂದೇಬಿಟ್ಟರು, ಹಿಂದೆ ನಾನು. ಹಾಲಮ್ಮ ಹಿಟ್ಟಿನ ಮಡಕೆ ಕೊಡವಿ ಒಂದೇ ಒಂದು ಮುದ್ದೆ ಕಟ್ಟಿಟ್ಟಿದ್ದಳು, ಪಕ್ಕದಲ್ಲಿ ಸೊಪ್ಪಿನ ಸಾರು. ಅವಳು ಬೆಳಗ್ಗೆಯೇ ಮೂಲೆಮನೆಯವರಿಗೆ ಹೊಟ್ಟೆ ಕೇಳಿಸಿ ಗಂಜಿ ಕುಡಿದು ಬಂದಿದ್ದಳು. ಮುದ್ದೆ ಗಂಡನಿಗೆ. ಹಿಂದಿನ ದಿನದಿಂದ ಅವನು ಏನೂ ಮುಟ್ಟಿರಲಿಲ್ಲ.

"ಉಗ್ರಪ್ಪನವರೆ, ಇವತ್ತು ಡೋಲು ಕೊಟ್ಟುಬಿಡಿ. ನಾನು ಊರಿಗೆ ಹೋಗಬೇಕು" ಎಂದರು ರಾಯರು.

"ಕೊಡ್ತೀನಿ ಸಾಹೇಬ್ರೆ. ನಾಳೆ."

"ನಾಳೆ ನಾಳೆ ಅಂತ ಎಷ್ಟು ದಿನ? ಇದು ಸರಕಾರದ ಡೋಲು. ನೀವು..."

ಮಾತು ಅಲ್ಲಿಗೆ ನಿಂತಿತು. ಎಲ್ಲಿಂದಲೋ ಒಂದು ಸಣ್ಣ ದನಿ ಬಂತು, ಕಲಿಯದವನು ಕ್ಲಾರಿಯೊನೆಟ್ ಊದಿದ ಹಾಗೆ, ಪೀಂ ಎಂದು ಎದ್ದು, ನಡುಗಿ, ಇಳಿಯಿತು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೇರಿಯ ಯಾವ ಹೊಟ್ಟೆಯೂ ಅಲ್ಲ. ರಾಯರು ಟೋಪಿ ತೆಗೆದು ಹೊಟ್ಟೆಗೆ ಅಡ್ಡ ಹಿಡಿದುಕೊಂಡರು. ನಮ್ಮೂರಿನ ನೀರು ಇಷ್ಟು ದಿನ ಕುಡಿದವರ ಹೊಟ್ಟೆ ಇನ್ನು ಹೇಗಿರುತ್ತದೆ?

"ಗುಡುಗು ಇರಬೇಕು" ಎಂದರು, ನೆಲ ನೋಡುತ್ತಾ.

"ಇರಬೌದು. ನಿಮ್ಮ ಪೇಪರ್‌ನಾಗೆ ಬಂದಿತ್ತು" ಎಂದಳು ಹಾಲಮ್ಮ.

ಆದರೆ ಉಗ್ರಪ್ಪನ ಮುಖ ನೋಡಬೇಕಿತ್ತು. ದೀಪ ಹಚ್ಚಿದ ಹಾಗಾಗಿತ್ತು. ಬ್ಯಾಂಡು ನಿಂತಲ್ಲಿಂದ ಅವನು ಯಾರನ್ನೂ ಒಳಗೆ ಕರೆದಿರಲಿಲ್ಲ, ಕರೆಯಲು ಏನೂ ಇರಲೂ ಇಲ್ಲ. "ಕೇಳಿಸ್ತು ಸಾಹೇಬ್ರೆ, ಕೇಳಿಸ್ತು. ಎಲೆ ಹಾಕೇ" ಎಂದ. ಹಾಲಮ್ಮ ಗಂಡನನ್ನು ನೋಡಿದಳು, ಮುದ್ದೆಯನ್ನು ನೋಡಿದಳು. ಅವಳ ಕಣ್ಣಿನಲ್ಲಿ ನೀರು ತುಂಬಿಕೊಂಡಿತು, ಆದರೂ ಎದ್ದು ಎಲೆ ಹಾಕಿದಳು. ಕಟ್ಟಳೆಯೆಂದರೆ ಕಟ್ಟಳೆ. ರಾಯರು ಬೇಡ ಬೇಡ ಎನ್ನುತ್ತಲೇ ಕೂತರು.

ಬಡಿಸುವ ಸಂಭ್ರಮದಲ್ಲಿ ಉಗ್ರಪ್ಪನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಬಗ್ಗಲು ಡೋಲು ಅಡ್ಡ ಬಂತು. ಪಟ್ಟಿಯನ್ನು ಕೊರಳಿನಿಂದ ತೆಗೆದು ಗೋಡೆಗೆ ಒರಗಿಸಿ, ಮುದ್ದೆಯನ್ನು ಎಲೆಗೆ ಇಳಿಸಿ, ಸಾರಿನ ಪಾತ್ರೆಗೆ ಕೈಹಾಕಿದ. ಆಗ ಆಯಿತು.

ಹಾಳು ಬಾವಿಗೆ ದೊಡ್ಡ ಹಂಡೆ ಬಿದ್ದ ಹಾಗೆ, ಆಳದಿಂದ, ನಿಧಾನವಾಗಿ, ಒಂದು ದನಿ ಎದ್ದಿತು. ಜಂತೆಯಿಂದ ಧೂಳು ಉದುರಿತು. ಹೊರಗೆ ಬೀದಿಯಲ್ಲಿ ಹೋಗುತ್ತಿದ್ದವರು ನಿಂತುಬಿಟ್ಟರು. ನಾನು ಹುಟ್ಟಿದಾಗಿನಿಂದ ಅಷ್ಟು ಗಂಭೀರವಾದ ಹೊಟ್ಟೆಯನ್ನು ಕೇಳಿರಲಿಲ್ಲ. ಉಗ್ರಪ್ಪ ಎರಡೂ ಕೈಯಲ್ಲಿ ಹೊಟ್ಟೆ ಅಮುಕಿಕೊಂಡ. ಅದು ನಿಲ್ಲಲಿಲ್ಲ, ಇಷ್ಟು ವರ್ಷಗಳದ್ದನ್ನು ಒಂದೇ ಸಲ ಹೇಳುವ ಹಾಗಿತ್ತು. ಅವನು ಡೋಲಿನ ಕಡೆ ಕೈ ಚಾಚಿದ. ಹಾಲಮ್ಮ ಅದನ್ನು ಕಾಲಿನಿಂದ ಆಚೆ ದೂಡಿದಳು. ಅವನು ಅಲ್ಲೇ ಕುಕ್ಕರಿಸಿ, ಟವಲಿನಲ್ಲಿ ಮುಖ ಮುಚ್ಚಿಕೊಂಡು, ಮಗುವಿನಂತೆ ಅತ್ತುಬಿಟ್ಟ. ನಾನೂ ಕೇಳಿಸಿಕೊಂಡವನೇ ತಾನೆ, ನಮ್ಮ ಮನೆಗೆ ಓಡಿ, ಇದ್ದ ಒಂದು ಈರುಳ್ಳಿ ಎರಡು ಮೆಣಸಿನಕಾಯಿ ಹಿಡಿದು ಬಂದೆ.

ಬರುವಷ್ಟರಲ್ಲಿ ರಾಯರು ಮುದ್ದೆಯನ್ನು ನಡುವೆ ಮುರಿದಿದ್ದರು. ಒಂದು ಪಾಲನ್ನು ಅಂಗೈಯಲ್ಲಿಟ್ಟು ಉಗ್ರಪ್ಪನ ಮುಂದೆ ಹಿಡಿದಿದ್ದರು.

"ಕೇಳಿಸ್ತು, ಉಗ್ರಪ್ಪನವರೆ" ಎಂದರು.

"ಬ್ಯಾಡಿ ಸಾಹೇಬ್ರೆ. ಬಡಿಸಿದ ಮೇಲೆ ಅದು ನಿಮ್ಮದು."

"ಹೌದು, ನಂದೇ. ಅದಕ್ಕೇ ಕೊಡ್ತಾ ಇದೀನಿ."

ಉಗ್ರಪ್ಪ ಹೆಂಡತಿಯ ಮುಖ ನೋಡಿದ. ಹಾಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ತಗಳ್ರಿ. ಸರಕಾರ ಕೊಡ್ತದೆ ಕೊಡ್ತದೆ ಅಂತ ಎಷ್ಟು ದಿನದಿಂದ ಕಾದಿದ್ವಿ. ಇವತ್ತು ಸಾಹೇಬ್ರು ಕೈಯಾರೆ ಕೊಡ್ತಾವ್ರೆ. ನಮ್ಮನೆ ಮುದ್ದೆನೇ ಆಗ್ಲಿ, ಕೊಟ್ರಲ್ಲ" ಎಂದಳು.

ಮೊದಲು ನಕ್ಕವರು ರಾಯರೋ ನಾನೋ ನೆನಪಿಲ್ಲ. ಉಗ್ರಪ್ಪನೂ ಅಳುತ್ತಲೇ ನಕ್ಕ, ನಗುವಾಗ ಹೊಟ್ಟೆ ಮತ್ತೊಮ್ಮೆ ಗುಡುಗಿತು. ಅವನು ಈ ಸಲ ಅದನ್ನು ಅಮುಕಲಿಲ್ಲ. ಕೈ ಚಾಚಿ ಮುದ್ದೆ ತೆಗೆದುಕೊಂಡ. ಸಾರಿಗೆ ಅದ್ದಿ, ಕಣ್ಣು ಮುಚ್ಚಿ, ಒಂದು ತುತ್ತು ನುಂಗಿದ.

ಬಾಗಿಲಲ್ಲಿ ಅಷ್ಟು ಹೊತ್ತಿಗೆ ಕೇರಿಯ ನಾಲ್ಕಾರು ಜನ ಬಂದು ಇಣುಕುತ್ತಿದ್ದರು, ಒಬ್ಬೊಬ್ಬರ ಕೈಯಲ್ಲೂ ಏನಾದರೊಂದು ಹಿಡಿ, ಒಂದು ಬೊಗಸೆ. ಯಾರೂ ಈ ದನಿಯನ್ನು ಮೊದಲು ಕೇಳಿದವರಲ್ಲ, ಹೀಗಾಗಿ ಯಾರಿಗೆ ಕೊಡಬೇಕೆಂದು ತಿಳಿಯದೆ ಅವರಿವರ ಮುಖ ನೋಡುತ್ತಿದ್ದರು. ಮುಂದೆ ನಿಂತಿದ್ದ ಚನ್ನವೀರ, "ಯಾರದ್ರಪ್ಪ ಅದು ಹೊಟ್ಟೆ?" ಎಂದು ಕೇಳಿದ.

ಉಗ್ರಪ್ಪ ಬಾಯಿತುಂಬ ಮುದ್ದೆ ಇಟ್ಟುಕೊಂಡೇ ಕೈ ಎತ್ತಿದ. "ನಂದು ಕಣಪ್ಪ, ನಂದೇ" ಎಂದ.